ಕಾಗೆ ಕೂರದ ಬಾಲ್ಕನಿ

ಆ ಪರದೇಶದ ಊರಿನ ಕಡಲಲ್ಲಿ ಈಜಲು ಹೋದ ಮಗಳು ಮರಳಿರಲಿಲ್ಲ. ಹುಡುಕುವವರೂ ಕೈಚೆಲ್ಲಿದ್ದರು. ಇನ್ನಷ್ಟು ಕಾಲ ಅಲ್ಲೇ ಉಳಿಯುವುದೆಂದು ಗಂಡ ಹೆಂಡತಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಫ್ಲ್ಯಾಟುಗಳನ್ನು ನೋಡುತ್ತಿದ್ದರು. ತೋರಿಸುತ್ತಿದ್ದವರು ಅಲ್ಲಿ ನೆಲೆಸಿದ್ದ ಮಂಗಳೂರಿನ ನಫೀಸಾ. ಬಿಸಿಲಿಗೆ ಬಾಡಿದ್ದ ಹೆಂಡತಿ ದಮಯಂತಿಗೆ ಕೇಳುವ ಮೊದಲೇ ನೀರು ಕೊಟ್ಟು, ಫ್ಯಾನಿನ ಕೆಳಗೆ ಕುರ್ಚಿ ಎಳೆದಿಟ್ಟರು.

ಪ್ರತಿ ಮನೆಯಲ್ಲೂ ಗಂಡ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಬಾಲ್ಕನಿಗೆ ಕಾಗೆ ಬರುತ್ತಾ?"

"ಹೆದರಬೇಡಿ ಸರ್, ಇಲ್ಲಿ ಬಲೆ ಹಾಕಿ ಆಗಿದೆ. ಒಂದು ಕಾಗೆ ಸಹ ಬರುದಿಲ್ಲ," ಎಂದು ನಫೀಸಾ ನಕ್ಕರು.

"ಹಾಗಾದ್ರೆ ಈ ಮನೆ ಬೇಡ," ಎಂದ ಗಂಡ, ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದ. "ಎಷ್ಟು ದಿನ ಅಂತ ಕಾಯೋದು, ದಮಯಂತಿ? ಅವಳ ಕಾರ್ಯ ಮಾಡಿಬಿಡೋಣ. ಪಿಂಡ ಇಟ್ರೆ ಕಾಗೆ ಬಂದು ಮುಟ್ಟಬೇಕಲ್ಲ."

ನಫೀಸಾರ ನಗು ಆರಿತು. "ಕಾಗೆ ಬರುವ ಮನೆಯೂ ಉಂಟು ಅಕ್ಕಾ, ತೋರಿಸ್ತೇನೆ," ಎಂದು ಮೆಲ್ಲಗೆ ಅಂದರು.

ದಮಯಂತಿ ಎದ್ದು ಹೋಗಿ ಬಾಲ್ಕನಿಯ ಬಲೆಯನ್ನು ಕೈಯಿಂದ ಎಳೆದು ನೋಡಿದಳು. ಗಟ್ಟಿಯಾಗಿತ್ತು.

"ಇದೇ ಇರಲಿ," ಎಂದಳು. "ಬೀಗದಕೈ ಮಾತ್ರ ಮೂರು ಬೇಕು."