ಡೊಂಕು ಬೇರು

"ಇಕ್ಕಳ ತಗೊಂಡ ಬಾ," ಎಂದರು ಡಾಕ್ಟರ್ ಸಂಜೀವಕುಮಾರ. ಇಂಡಿ ಊರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಹಲ್ಲು ನೋಡುವವರು. ಸುಮಿತ್ರಾಬಾಯಿಯ ದವಡೆ ಹಲ್ಲಿನ ಬೇರಿನೊಳಗೆ ನಾಳ ಕೆರೆಯುವ ಅವರ ಸೂಜಿಯಂಥ ಫೈಲು ಮೂರನೆಯ ಸಲವೂ ಅದೇ ಜಾಗದಲ್ಲಿ ತಡೆದು ನಿಂತಿತ್ತು.

"ಕೀಳಬ್ಯಾಡ್ರಿ," ಸುಮಿತ್ರಾಬಾಯಿ ಬಾಯಲ್ಲಿನ ಹತ್ತಿ ತೆಗೆದು ಹೇಳಿದಳು. "ಮ್ಯಾಲಿಂದು ಕೆಳಗಿಂದು ಕೂಡೂ ಹಲ್ಲ ಇದೊಂದ ಉಳದೈತಿ. ಇದೂ ಹೋದ್ರ ಖಡಕ್ ರೊಟ್ಟಿ ನೀರಾಗ ನೆನಸಿ ತಿನ್ನೂ ಗತಿ ಬರತೈತಿ."

ಹೊಸದಾಗಿ ಸೇರಿದ್ದ ಡಾಕ್ಟರ್ ಅಲ್ಮಾಸ ಇಕ್ಕಳ ತರಲಿಲ್ಲ. ಎಕ್ಸ್-ರೇ ನೋಡುತ್ತ ನಿಂತಿದ್ದಳು. ಬೇರು ತುದಿಗೆ ಕುಡುಗೋಲಿನಂತೆ ಬಾಗಿತ್ತು. ಉಕ್ಕಿನ ಫೈಲು ಬಿರುಸು, ಅದಕ್ಕೆ ನೆಟ್ಟಗೆ ಹೋಗುವುದಷ್ಟೇ ಗೊತ್ತು. ತಿರುವಿನಲ್ಲಿ ತಿರುಗದೆ ಎದುರಿನ ಗೋಡೆ ಕೆರೆದು ಮೆಟ್ಟಿಲು ಮಾಡಿಬಿಟ್ಟಿತ್ತು. ಒತ್ತಿದ ಕೈಯೂ ಅಷ್ಟೇ ಬಿರುಸು, ಬಿಡಿ.

"ಸರ್, ನಾ ಒಮ್ಮಿ ನೋಡ್ತೇನ್ರಿ."

"ನನಗ ಆಗದ್ದು ನಿನಗ ಆಗತೈತೇನು? ಬೇರಿಗೆ ತೂತ ಬಿತ್ತಂದ್ರ ಹಲ್ಲೂ ಹೋತು, ದವಾಖಾನಿ ಹೆಸರೂ ಹೋತು."

"ಬಿದ್ರ ನಾನ ಕೀಳ್ತೇನ್ರಿ. ನಂದ ತಪ್ಪಂತ ಈ ಆಯಿಗೆ ನಾನ ಹೇಳ್ತೇನ್ರಿ."

ಎಲ್ಲಕ್ಕಿಂತ ಸಣ್ಣ ಫೈಲು ಆರಿಸಿ, ತುದಿಯನ್ನು ಚಿಮಟಿಗೆಯಿಂದ ಕೊಂಚ ಬಾಗಿಸಿ ಒಳಗಿಳಿಸಿದಳು. ತಡೆಯಿತು. ಅವಳು ಒತ್ತಲಿಲ್ಲ. ಹಿಂದಕ್ಕೆ ಎಳೆದು, ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಬಿಟ್ಟಳು. ಹನ್ನೊಂದು ಸಲ ಇದೇ ಗೋಳು. ಹನ್ನೆರಡನೆಯದಕ್ಕೆ ಫೈಲು ಮೆಟ್ಟಿಲು ದಾಟಿ ತಾನಾಗಿ ಜಾರಿತು. ಆಮೇಲೆ ತನ್ನ ಚೀಲದಿಂದ ಬೇರೆಯದೇ ಫೈಲು ತೆಗೆದಳು. ಬೆರಳಿಂದ ಒತ್ತಿದರೆ ಬಾಗುವ ಲೋಹ. ತುದಿ ಮೊಂಡು, ಅದು ಕೊರೆಯುವುದಿಲ್ಲ, ಬದಿಯಷ್ಟೇ ಕೆರೆಯುತ್ತದೆ. ಬೇರು ಹೋದತ್ತ ಅದೂ ಹೋಯಿತು.

ಹೊಸ ಎಕ್ಸ್-ರೇಯಲ್ಲಿ ಫೈಲಿನ ಬಿಳಿ ಗೆರೆ ಇಡೀ ತಿರುವನ್ನು ಸುತ್ತಿ ಬೇರಿನ ತುದಿ ಮುಟ್ಟಿತ್ತು. ಅಲ್ಮಾಸಳಿಗೆ ಕುಣಿಯುವಷ್ಟು ಖುಷಿಯಾಯಿತು.

"ಆಯಿ, ಹಲ್ಲ ಉಳೀತ್ರಿ. ಸೋಮಾರ ಬರ್ರಿ, ತುಂಬಿ ಕೊಡ್ತೇನಿ."

"ನಿನ್ನ ಹೊಟ್ಟಿ ತಣ್ಣಗಿರಲಿ ಯವ್ವಾ," ಮರಗಟ್ಟಿದ ತುಟಿಯಲ್ಲೇ ಹರಸಿ ಸುಮಿತ್ರಾಬಾಯಿ ಹೊರಟಳು.

ಅವಳು ಹೋದ ಮೇಲೆ ಸಂಜೀವಕುಮಾರ ಎಕ್ಸ್-ರೇಯನ್ನು ಎರಡು ಸಲ ನೋಡಿದರು. ಹೊರಬಾಗಿಲಿಗೆ ಚಿಲಕ ಹಾಕಿ ಬಂದು, ರೋಗಿಯ ಕುರ್ಚಿಯಲ್ಲಿ ತಾವೇ ಕೂತು ಬಲಗೆನ್ನೆ ಹಿಡಿದುಕೊಂಡರು.

"ವರ್ಷಾತು ಈ ಹಲ್ಲ ನೋಯಾಕತ್ತಿ. ಇದರ ಬೇರೂ ಡೊಂಕ ಐತಿ. ಕೀಳಸಾಕ ಅಂಜಿಕಿ ನೋಡವ್ವಾ," ಎಂದು ಬಾಯಿ ತೆರೆದರು.