ಎತ್ತರದಲ್ಲಿ ನಿಂತವಳು

ಶಾಂತಿ ಗೋಪುರದ ತುದಿಯಲ್ಲಿ ಹತ್ತು ನಿಮಿಷ ಯಾರೂ ಮಾತಾಡಬಾರದು ಎಂಬುದು ನಿಯಮ. ನಾಲ್ಕನೆಯ ನಿಮಿಷಕ್ಕೆ ನೀತಾ ಎದ್ದು ನಿಂತು, "ಆಯಿ, ಬಂಗಡೆ!" ಎಂದು ಕೂಗಿದಳು.

ಕಣ್ಣು ಮುಚ್ಚಿ ಕುಳಿತಿದ್ದ ಅತ್ತೆ ಹೀರಾ ಕಂಬಿ ಹಿಡಿದು ಎದ್ದಳು. ಕಾವಲಿನ ನಿತೇಶ ತುಟಿಗೆ ಬೆರಳಿಟ್ಟುಕೊಂಡೇ ಓಡಿ ಬಂದ.

"ಅಕ್ಕಾ, ಬೋರ್ಡು ಓದೂಕೆ ಬರೂದಿಲ್ವಾ? ಇದು ಶಾಂತಿಯ ಜಾಗ."

"ನಿಂದು ಯಾವೂರು?" ಹೀರಾ ಕೇಳಿದಳು.

"ಕದ್ವಾಡ."

"ಸಮುದ್ರ ಕಾಣದ ಊರು. ಹಂಗಾರೆ ನಿಂಗೆ ತಿಳಿಯೂದಿಲ್ಲ ಬಿಡು. ಮೀನು ಕಂಡೂ ಸುಮ್ನೆ ಕೂತವರನ್ನ ನಮ್ಮಲ್ಲಿ ಮನುಷ್ಯರ ಲೆಕ್ಕಕ್ಕೇ ಹಿಡಿಯೂದಿಲ್ಲ."

ಕೆಳಗೆ ಕಾರವಾರದ ಮರಳ ದಂಡೆಯಲ್ಲಿ ಎರಡು ಗುಂಪುಗಳು ಮೀನಿಗಾಗಿ ಕಾಯುತ್ತ ಕುಳಿತಿದ್ದವು. ಉತ್ತರಕ್ಕೆ ನೀತಾಳ ಗಂಡ ಆಶಿಷನದು, ದಕ್ಷಿಣಕ್ಕೆ ಮೈದುನ ತುಳಸಿದಾಸನದು. ಎರಡು ವರ್ಷದ ಹಿಂದೆ ಅದು ಒಂದೇ ಗುಂಪು. ಮಾವ ಗುಡ್ಡದ ಮೇಲೆ ನಿಂತು ನೀರಿನ ಬಣ್ಣ ನೋಡಿ ಬಟ್ಟೆ ಬೀಸುತ್ತಿದ್ದ, ಕೆಳಗಿನವರು ಆ ಸನ್ನೆ ನೋಡಿ ದೋಣಿ ತಿರುಗಿಸಿ ಬಲೆ ಇಳಿಸುತ್ತಿದ್ದರು. ದೋಣಿಯಲ್ಲಿರುವವನಿಗೆ ತನ್ನ ಹುಟ್ಟಿನ ಸುತ್ತಲ ನೀರಷ್ಟೇ ಕಾಣುವುದು. ಹಾಗಾಗಿ ಬಲೆ ನೀರಿನಲ್ಲಿರುವಷ್ಟು ಹೊತ್ತು ಎತ್ತರದಲ್ಲಿ ನಿಂತವನಿಗೆ ಯಾರೂ ಎದುರಾಡುವಂತಿಲ್ಲ. ಹನ್ನೊಂದು ವರ್ಷ ಗುಡ್ಡಕ್ಕೆ ಗಂಜಿ ಒಯ್ದ ನೀತಾ, ಮಾವನ ಪಕ್ಕದಲ್ಲಿ ಕುಳಿತು ಆ ನೋಟ ಕಲಿತಿದ್ದಳು. ಮಾವ ತೀರಿಕೊಂಡ ಮೇಲೆ, "ಇನ್ನು ನಾ ನಿಲ್ತೆ" ಎಂದಳು. "ಹೆಂಗಸಿನ ಸನ್ನೆಗೆ ನಾ ಬಲೆ ಇಳಿಸೂದಿಲ್ಲ" ಎಂದ ತುಳಸಿದಾಸ. ದಡಕ್ಕೆ ನಿಂತು ಎಳೆಯುವ ಉದ್ದದ ರಂಪಣಿ ಬಲೆ ಅಂದೇ ನಡುವಿಗೆ ತುಂಡಾಯಿತು. ಅರ್ಧ ಬಲೆ ಯಾವ ಹಿಂಡನ್ನೂ ಪೂರ್ತಿ ಸುತ್ತುವುದಿಲ್ಲ. ಎರಡು ವರ್ಷದಿಂದ ಎರಡೂ ಮನೆಯ ಬುಟ್ಟಿ ಅರೆ ಖಾಲಿ, ಮಾತು ಪೂರಾ ಖಾಲಿ.

ಸೊಸೆಯನ್ನು ಹೀರಾ ಇಲ್ಲಿಗೆ ಕರೆತಂದದ್ದೇ ಅದಕ್ಕೆ. "ಮೇಲೆ ಕೂತು ಮನಸು ತಣ್ಣಗೆ ಮಾಡ್ಕೊ. ಕೆಳಗಿಳಿದು ತುಳಸಿ ಹತ್ರ ನೀನೇ ಎರಡು ಮಾತಾಡು."

"ತಣ್ಣಗಾಗಬೇಕಾದವ ಕೆಳಗೆ ಬೀಡಿ ಸೇದ್ತಾ ಕೂತಾನೆ. ಅವನ್ನ ಹತ್ತಿಸು ಆಯಿ, ನಂಗೆ ಮೊಣಕಾಲು ನೋವು," ಎಂದಿದ್ದಳು ನೀತಾ, ಮೆಟ್ಟಿಲ ಮೇಲೆ.

ಈಗ ಅವಳಿಗೆ ಮೊಣಕಾಲಿನ ನೆನಪೂ ಇರಲಿಲ್ಲ. ಕೂರ್ಮಗಡ ದ್ವೀಪದ ಕಡೆಯಿಂದ ಕಪ್ಪುಗೆಂಪಿನ ನೆರಳೊಂದು ದಡದತ್ತ ತಿರುಗಿತ್ತು. ಅದರ ಮೇಲಿನ ನೀರು, ಅಲ್ಲಿ ಮಾತ್ರ ಮಳೆ ಬಿದ್ದಂತೆ, ಸಣ್ಣಗೆ ನಡುಗುತ್ತಿತ್ತು. ದೊಡ್ಡ ಹಿಂಡು.

ಹೀರಾ ಫೋನು ತೆಗೆದಳು. ನೀತಾ ಅವಳ ಕೈ ಹಿಡಿದಳು.

"ಬೇಡ. ಯಾರು ಕಂಡದ್ದು ಅಂತ ತುಳಸಿ ಕೇಳ್ತಾನೆ. ನಿಂಗೆ ಸುಳ್ಳು ಹೇಳೂಕೆ ಬರೂದಿಲ್ಲ."

ಅವಳು ಕೆಂಪು ವೇಲು ತೆಗೆದು ತುಳಸಿದಾಸನ ಗುಂಪಿನತ್ತ ಮಾವನ ಹಾಗೇ ಮೂರು ಸಲ ಬೀಸಿ, ಒಮ್ಮೆ ಕೆಳಗೆ ಇಳಿಸಿದಳು. ಬೆನ್ನ ಹಿಂದೆ ಬೆಳಗಿನ ಬಿಸಿಲು. ಕೆಳಗಿನವರಿಗೆ ಅವಳು ಒಂದು ಕರಿ ನೆರಳು, ಬಟ್ಟೆ ಮಾತ್ರ ಸ್ಪಷ್ಟ. ದಕ್ಷಿಣದ ಗುಂಪಿನಲ್ಲಿ ಯಾರೋ ಸಿಳ್ಳೆ ಹಾಕಿದರು. ದೋಣಿ ನೀರಿಗಿಳಿಯಿತು.

"ಒಂದು ಬಲೆ ಸಾಲೂದಿಲ್ಲ. ಆಯಿ, ನೀ ಆಶಿಷನ ದೋಣಿ ಕರಿ. ನಾ ಹೇಳಿದ ಹಂಗೇ ಬೀಸು."

ಹೀರಾ ಅತ್ತಿತ್ತ ನೋಡಿ, ಜನ ಫೋಟೋ ತೆಗೆಸಿಕೊಳ್ಳಲು ಇಟ್ಟಿದ್ದ ಬಿಳಿ ಬಾವುಟವನ್ನು ಕೋಲು ಸಮೇತ ಎತ್ತಿಕೊಂಡಳು.

"ಅಜ್ಜೀ, ಅದು ಶಾಂತಿ ಬಾವುಟ!"

"ಮತ್ತೆ ನಾ ಎಂತ ಯುದ್ಧಕ್ಕೆ ಹೊರಟೆನಾ? ಸರಿ ಆಚೆ, ಕೋಲು ತಾಗ್ತದೆ."

ನಿತೇಶ ಸರಿದು ನಿಂತ. ಸ್ವಲ್ಪ ಹೊತ್ತಿಗೆ ಅವನೂ ಕಂಬಿಗೆ ಬಂದು, ಮಾತಾಡದೆ, ಕೆಳಗೆ ಬಗ್ಗಿ ನೋಡತೊಡಗಿದ.

ಎರಡು ದೋಣಿಗಳು ಎರಡು ದಿಕ್ಕಿನಿಂದ ಬಲೆ ಬಿಡುತ್ತ ಒಂದನ್ನೊಂದು ಸಮೀಪಿಸಿದವು. ಕೆಂಪು ಬಟ್ಟೆ ಎಡಕ್ಕೆ ವಾಲಿದರೆ ಒಂದು ದೋಣಿ ವಾಲಿತು, ಬಿಳಿ ಬಟ್ಟೆ ತಡೆದರೆ ಇನ್ನೊಂದು ನಿಂತಿತು. ಹಿಂಡಿನ ಆಚೆ ಎರಡೂ ಕೂಡಿದಾಗ ನಾಲ್ಕಾರು ಜನ ನೀರಿಗೆ ಹಾರಿ ಬಲೆಯ ತುದಿಗಳನ್ನು ಒಂದಕ್ಕೊಂದು ಕಟ್ಟಿದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಹೀರಾಳ ಫೋನು ಹೊಡೆದುಕೊಂಡಿತು. ದಡದಲ್ಲಿ ದಕ್ಷಿಣದ ಹಗ್ಗ ಹಿಡಿದು ನಿಂತಿದ್ದ ತುಳಸಿದಾಸ. ಅವಳು ಸ್ಪೀಕರ್ ಒತ್ತಿದಳು.

"ಆಯಿ, ಎಲ್ಲಿದ್ದೆ? ಗೋಪುರದ ಮೇಲೊಬ್ಬ ನಿಂತಾನೆ. ಅಪ್ಪನ ಕೈಯೇ! ಇಷ್ಟು ಬಂಗಡೆ ನಾ ಕಂಡು ಎಷ್ಟು ಕಾಲ ಆಯ್ತು! ಅಂವ ಯಾರಾದ್ರೂ ಆಗ್ಲಿ, ನಾಳೆಯಿಂದ ನಮ್ಮ ಕಡೆಗೇ ನಿಲ್ಲಬೇಕು."

ಹೀರಾ ಫೋನನ್ನು ಸೊಸೆಯ ಬಾಯಿಗೆ ಹಿಡಿದಳು. ನೀತಾಳ ಕಣ್ಣು ನೀರಿನಿಂದ ಕದಲಲಿಲ್ಲ.

"ತುಳಸಿ, ನಿನ್ನ ಹಗ್ಗ ಸಡಿಲ ಆಗ್ಯದೆ. ಮೀನು ಅಲ್ಲೇ ತಿರುಗ್ತಾ ಅದೆ. ಹತ್ತು ಹೆಜ್ಜೆ ನೀರಿಗಿಳಿ, ಆಮೇಲೆ ಎಳಿ."

ಕೆಳಗೆ ಚಿಕ್ಕದಾಗಿ ಕಾಣುತ್ತಿದ್ದ ಆ ಮನುಷ್ಯ ತಲೆ ಎತ್ತಿ ಗೋಪುರ ನೋಡಿದ. ಅವನ ಕೈಯಲ್ಲಿ ಹಗ್ಗ ಜೋತಿತ್ತು. ಹಿಂದೆ ಹದಿನೈದು ಜನ ಅವನ ಬೆನ್ನನ್ನೇ ನೋಡುತ್ತ ನಿಂತಿದ್ದರು.

"ಇಳಿ ಅಂದೆ," ಎಂದಳು ನೀತಾ, ದನಿ ಏರಿಸದೆ.

ಅವನು ಫೋನನ್ನು ಒಣ ಮರಳಿಗೆ ಎಸೆದ. ತೆರೆಯತ್ತ ತಿರುಗಿ ನಡೆಯತೊಡಗಿದ. ನೀತಾ ಮೇಲಿನಿಂದ ಎಣಿಸಿದಳು. ಏಳು, ಎಂಟು, ಒಂಬತ್ತು. ಸೊಂಟದವರೆಗೆ ನೀರು ಬಂದಲ್ಲಿ, ಸರಿಯಾಗಿ ಹತ್ತನೆಯ ಹೆಜ್ಜೆಗೆ, ಅವನು ಕಾಲೂರಿ ಹಗ್ಗ ಎಳೆಯಲು ಬೆನ್ನು ಬಾಗಿಸಿದ.