ಕೊಡುಗೆಯ ಗಡಿಯಾರ

ಗಾರ್ಮೆಂಟ್ಸ್ ಕೆಲಸಗಾರರ ಸಂಘದ ಕಚೇರಿಗೆ ‘ದಾನಿಗಳ ಕೊಡುಗೆ’ಯಾಗಿ ಬಂದ ಗೋಡೆ ಗಡಿಯಾರದೊಳಗೆ ಕ್ಯಾಮೆರಾ ಇತ್ತು. ಮಾಡಿದ್ದು ಒಂದು ಕ್ಯಾಮೆರಾ ಕಂಪನಿ, ಮಾಡಿಸಿದ್ದು ಸರ್ಕಾರ. ಇಬ್ಬರ ಹೆಸರೂ ಯಾವ ಕಾಗದದಲ್ಲೂ ಇರಲಿಲ್ಲ.

ಆಯುಧಪೂಜೆಯ ಮರುದಿನ ಸರ್ಕಾರದ ಅಧಿಕಾರಿ ಆ ಕಂಪನಿಯ ಎಂಜಿನಿಯರನ್ನು ಕರೆಸಿದ.

“ನಿನ್ನೆಯಿಂದ ಬರೀ ಕೆಂಪು ಕಾಣ್ತಿದೆ ಕಣ್ರೀ. ಅವರಿಗೆ ಗೊತ್ತಾಗಿಬಿಡ್ತಾ?”

“ಸಾಧ್ಯವೇ ಇಲ್ಲ ಸಾರ್. ತೂತು ಸಾಸಿವೆ ಕಾಳಿಗಿಂತ ಸಣ್ಣದು.”

“ಕತೆ ಬೇಡ. ಸಂಜೆಯೊಳಗೆ ಸರಿಹೋಗದಿದ್ರೆ ಆರ್ಡರೂ ಇಲ್ಲ, ನಿಮ್ಮ ಕೆಲಸವೂ ಇಲ್ಲ.”

ಎಂಜಿನಿಯರ್ ಗಡಿಯಾರ ರಿಪೇರಿಯವನ ವೇಷದಲ್ಲಿ ಸಂಘದ ಕಚೇರಿಗೆ ಹೋದ. ಫ್ಯಾನು, ಬೀರು, ಮೈಕು, ನೀರಿನ ಫಿಲ್ಟರು, ಎಲ್ಲದಕ್ಕೂ ಕುಂಕುಮ ಮೆತ್ತಿದ್ದರು. ಗಡಿಯಾರದ ಗಾಜಿನ ಮೇಲೂ ಅಂಗೈ ಅಗಲದ ಬೊಟ್ಟು. ಅವನಿಗೆ ಹೋದ ಜೀವ ಬಂದಂತಾಯಿತು. ಸಂಘದ ಅಧ್ಯಕ್ಷೆ ಕೆಂಚಮ್ಮ ತಾನಾಗಿಯೇ ಏಣಿ ಹಿಡಿದುಕೊಂಡಳು.

“ಭಕ್ತಿ ಸ್ವಲ್ಪ ಜಾಸ್ತಿಯಾಯ್ತು ಅಲ್ವೇನಮ್ಮ?” ಎಂದು ನಗುತ್ತ ಅವನು ಗಾಜು ಒರೆಸಿದ.

“ಯಾರ್‍ಯಾರೋ ಕೊಟ್ಟ ಸಾಮಾನಿಗೆಲ್ಲ ಹಿಂಗೇ ಮೆತ್ತಿದ್ವಿ ಕಣಪ್ಪ,” ಎಂದಳು ಕೆಂಚಮ್ಮ. “ಯಾವುದನ್ನ ಒರೆಸೋಕೆ ಕರೀದೇ ಜನ ಬರ್ತಾರೆ, ನೋಡೋಣ ಅಂತ.”